ಗಾಜಿನೊಳಗಿನ ಚುಕ್ಕಿ

ಚುಕ್ಕಿ ದುಂಡಗಿರಲಿಲ್ಲ. ವರ್ನನ್ ಟೀಗ್ ಪಿಸ್ತೂಲನ್ನು ಇಳಿಸಿ, ಕಣ್ಣು ಮುಚ್ಚಿ, ಹತ್ತರ ತನಕ ಎಣಿಸಿ ಮತ್ತೆ ಎತ್ತಿ ನೋಡಿದ. ಪಿಸ್ತೂಲಿನ ಬೆನ್ನ ಮೇಲೆ, ಗುರಿ ಹಿಡಿಯಲೆಂದು, ಅಂಚೆ ಚೀಟಿಯಷ್ಟಗಲದ ಗಾಜು. ಅದರ ನಡುವೆ, ಸೂಜಿ ಚುಚ್ಚಿದಲ್ಲಿ ಉಕ್ಕುವ ರಕ್ತದ ಹನಿಯ ಹಾಗೆ ಸಣ್ಣಗೆ ದುಂಡಗೆ ನಿಲ್ಲಬೇಕಾದ ಕೆಂಪು ಬೆಳಕಿನ ಚುಕ್ಕಿ ಬಲಕ್ಕೆ ಬಾಲ ಎಳೆದುಕೊಂಡು, ಯಾರೋ ಹೆಬ್ಬೆರಳಿನಿಂದ ಒರೆಸಿಬಿಟ್ಟಂತೆ ಕದಡಿಕೊಂಡಿತ್ತು. ಬೆಳಗಿನ ಒಂಬತ್ತು ಗಂಟೆ. ಮನೆಯ ಹಿಂದಿನ ಹಳೆಯ ಗರಸು ಗುಂಡಿಯ ತಳದಲ್ಲಿ ರಾತ್ರಿಯ ಮಂಜು ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿಕೊಂಡಿತ್ತು. ಶನಿವಾರದಿಂದ ಜಿಂಕೆ ಬೇಟೆಯ ಕಾಲ ಶುರುವಾಗುತ್ತಿದ್ದುದರಿಂದ ಗುಡ್ಡದಾಚೆ ಯಾರೋ ತಮ್ಮ ಬಂದೂಕಿನ ಗುರಿ ಸರಿನೋಡಿಕೊಳ್ಳುತ್ತಿದ್ದರು. ಒಂದು ಸದ್ದು, ಬಹಳ ಹೊತ್ತು ಮೌನ, ಮತ್ತೆ ಒಂದು ಸದ್ದು. ಬ್ಯಾಟರಿ ಹೊಸದು ಹಾಕಿದ್ದಾಗಿತ್ತು. ಗಾಜನ್ನು ಎರಡು ಸಲ ಒರೆಸಿದ್ದಾಗಿತ್ತು. ಇನ್ನು ಉಳಿದದ್ದು ಕಣ್ಣು. ಕಣ್ಣೇ, ಎಂದುಕೊಂಡ ವರ್ನನ್, ಮತ್ತು ಹಾಗೆ ಅಂದುಕೊಂಡ ಕೂಡಲೇ ಹಿಂದೆ ತಿರುಗಿ ಮನೆಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಅವನೊಬ್ಬನೇ.

ಪಿಸ್ತೂಲು ಮಾತ್ರ ಚೆಲುವಾಗಿತ್ತು. ಅರವತ್ತಮೂರರ ಗಂಡಸು ಒಂದು ಕಬ್ಬಿಣದ ವಸ್ತುವಿನ ಮೇಲೆ ಹೀಗೆ ಮನಸ್ಸು ಇಟ್ಟುಕೊಳ್ಳಬಾರದು ಎಂದು ಅವನಿಗೆ ಅನ್ನಿಸಿತಾದರೂ ಕೈ ಅದನ್ನು ಬಿಡಲೊಲ್ಲದು. ಪತ್ರಿಕೆಗೆ ಪರೀಕ್ಷಿಸಿ ಬರೆಯಲೆಂದು ಇಷ್ಟು ವರ್ಷ ಅವನ ಮೇಜಿಗೆ ಬಂದದ್ದೆಲ್ಲ ಪ್ಲಾಸ್ಟಿಕ್ ಹಿಡಿಯವೇ. ಒಂದನ್ನು ಕಂಡರೆ ಇನ್ನೊಂದನ್ನು ಕಂಡ ಹಾಗೆ. ಇದು ಹಾಗಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಆದರೆ ಇಡೀ ಮೈ ಲೋಹದ್ದು, ಬೆಳಗಿನ ಚಳಿಯನ್ನೆಲ್ಲ ಕುಡಿದು ಕೂತಿತ್ತು. ಮೇಲಿನ ಜಾರುಪಟ್ಟಿ ಎಣ್ಣೆ ಹಾಕಿದ ಡ್ರಾಯರಿನ ಹಾಗೆ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಟ್ರಿಗರ್ ಒತ್ತಿದರೆ ಒತ್ತಿದ್ದೇ ತಿಳಿಯದು. ಎರಡು ಸಾವಿರದ ನಾನೂರು ಡಾಲರಿನ ಸಾಮಾನು ಇದು; ಅವನ ಪಿಕಪ್ಪನ್ನು ಮಾರಿದರೂ ಅಷ್ಟು ಹುಟ್ಟುವುದು ಅನುಮಾನ. ಒಂದು ವಿಷಯ ಮಾತ್ರ ಅವನಿಗೆ ಹಿಡಿಸಿರಲಿಲ್ಲ. ಗಾಜನ್ನು ಕೂರಿಸಲು ಬೆನ್ನನ್ನು ಕೊರೆಯುವಾಗ ಕಂಪನಿಯವರು ಗುರಿ ನೋಡುವ ಹಿಂದಿನ ಕಚ್ಚನ್ನು ತೆಗೆದುಬಿಟ್ಟಿದ್ದರು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಗುರಿಮೊಳೆ ಉಳಿದಿತ್ತು, ಅಷ್ಟೇ. ಚುಕ್ಕಿ ಇದ್ದರೆ ಗುರಿ, ಚುಕ್ಕಿ ಹೋದರೆ ಕುರುಡು. ಇದನ್ನು ಬರೆಯಬೇಕು ಎಂದುಕೊಂಡ. ಆಮೇಲೆ, ಇದನ್ನು ಬರೆದರೆ ಚುಕ್ಕಿಯ ಮಾತು ಬರುತ್ತದೆ, ಚುಕ್ಕಿಯ ಮಾತು ಬಂದರೆ ಕಣ್ಣಿನ ಮಾತು ಬರುತ್ತದೆ ಎನ್ನಿಸಿ ಬರೆಯದಿದ್ದರೂ ನಡೆದೀತು ಎಂದುಕೊಂಡ.

ಏಪ್ರಿಲಿನಲ್ಲಿ ಅರಿಜೋನಾದ ಮರಳುಗಾಡಿಗೆ ಒಂದು ಕಂಪನಿ ಪಿಸ್ತೂಲುಗಳ ಬಗ್ಗೆ ಬರೆಯುವವರನ್ನೆಲ್ಲ ಕರೆಸಿಕೊಂಡಿತ್ತು. ಡೇರೆ, ಬಿಯರು, ಹುರಿದ ಮಾಂಸ, ಉಚಿತ ಟೋಪಿ. ವರ್ನನ್ ಸರದಿ ಬಂದಾಗ ಗಾಜಿನೊಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, ಈ ಚುಕ್ಕಿ ಒಡೆದಿದೆ, ಇಂಥ ಮಾಲನ್ನು ಜನರಿಗೆ ಹೇಗೆ ಮಾರುತ್ತೀರಿ ಎಂದುಬಿಟ್ಟಿದ್ದ. ಗಡ್ಡದ ಹುಡುಗನೊಬ್ಬ, ಅವನನ್ನು ಪರದೆಯ ಮೇಲೆ ಲಕ್ಷಗಟ್ಟಲೆ ಜನ ನೋಡುತ್ತಾರಂತೆ, ನಯವಾಗಿಯೇ ಪಿಸ್ತೂಲನ್ನು ಇಸಿದುಕೊಂಡು, ತನ್ನ ಫೋನನ್ನು ಗಾಜಿನ ಹಿಂದೆ ಹಿಡಿದು ಒಂದು ಫೋಟೋ ತೆಗೆದ. ಈಗಿನವರಿಗೆಲ್ಲ ಗೊತ್ತಿರುವ ಪರೀಕ್ಷೆ ಅದು: ನಿನ್ನ ಕಣ್ಣಿಗೆ ಚುಕ್ಕಿ ಕದಡಿ ಕಂಡು ಫೋಟೋದಲ್ಲಿ ದುಂಡಗೆ ಬಂದರೆ ದೋಷ ನಿನ್ನ ಕಣ್ಣಿನದು, ಫೋಟೋದಲ್ಲೂ ಕದಡಿದ್ದರೆ ದೋಷ ಗಾಜಿನದು. ಫೋಟೋದಲ್ಲಿ ಚುಕ್ಕಿ ಬಟಾಣಿಯಷ್ಟು ದುಂಡಗಿತ್ತು. "ನೆಲ ನೆಟ್ಟಗೇ ಇದೆಯಲ್ಲ ತಾತ" ಎಂದ ಹುಡುಗ, ಮತ್ತು ಡೇರೆಗೆ ಡೇರೆಯೇ ನಕ್ಕಿತು. ನಕ್ಕದ್ದಕ್ಕೆ ಕಾರಣವಿತ್ತು. ಗುರಿ ತಪ್ಪಿದ್ದಕ್ಕೆ ಪಿಸ್ತೂಲನ್ನು ದೂರಿ ಬರೆಯುವ ಓದುಗರಿಗೆಲ್ಲ ವರ್ನನ್ ಹನ್ನೊಂದು ವರ್ಷದಿಂದ ತನ್ನ ಅಂಕಣದಲ್ಲಿ ಒಂದೇ ಉತ್ತರ ಕೊಡುತ್ತ ಬಂದಿದ್ದ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ನಗುವಿಗೆ ಅವನೂ ನಕ್ಕಿದ್ದ, ಟೋಪಿ ಹಾಕಿಕೊಂಡೇ ಫೋಟೋಗೆ ನಿಂತಿದ್ದ, ಊಟವನ್ನೂ ಮಾಡಿದ್ದ. ಹೋಟೆಲಿನ ಕೋಣೆಗೆ ಬಂದ ಮೇಲೆ ಮಾತ್ರ ದೀಪ ಆರಿಸಿ, ಬೂಟು ಬಿಚ್ಚದೆ, ಗೋಡೆಯ ಮೇಲಿನ ಹೊಗೆ ಸೂಚಕದ ಕೆಂಪು ದೀಪವನ್ನು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತ ಕೂತಿದ್ದ. ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದು ಆಗಲೇ ಅಂದುಕೊಂಡ. ಇದು ನವೆಂಬರು.

ಗುರಿಮೊಳೆಯನ್ನು ಗಾಜಿನ ನಡುವಿಗೆ ತಂದು, ಕದಡಿದ ಕೆಂಪನ್ನು ಕಾಣದವನಂತೆ ಬದಿಗಿಟ್ಟು, ಹಳೆಯ ಡೆಪ್ಯುಟಿ ಪೊಲೀಸರು ಹೊಡೆಯುವ ಹಾಗೆ ಅವನು ಹೊಡೆದ. ಏಳು ಗಜದಲ್ಲಿ ಹತ್ತು ಗುಂಡು ಒಂದೇ ತೂತಿನಲ್ಲಿ ಹೋದವು. ಕೈ ಇನ್ನೂ ಕೈಯೇ. ಇಪ್ಪತ್ತೆರಡು ವರ್ಷ ಕೌಂಟಿಯ ಪೊಲೀಸು ನೋಡಿಕೊಳ್ಳುವ ಶೆರಿಫ್ ಕಚೇರಿಯಲ್ಲಿ ಗುರಿ ಕಲಿಸಿದ ಕೈ. ಕಣ್ಣು ಕಟ್ಟಿ ನಿಲ್ಲಿಸಿದರೂ ಏಳು ಗಜದಲ್ಲಿ ಅದು ತಪ್ಪಲಿಕ್ಕಿಲ್ಲ. ಇಪ್ಪತ್ತೈದು ಗಜಕ್ಕೆ ಹಿಂದೆ ಸರಿದ. ಅಲ್ಲಿ ಐದರಲ್ಲಿ ಮೂರು ಒಟ್ಟಿಗೆ ಕೂತು, ಎರಡು ಬಲಕ್ಕೆ ಓಡಿಹೋದವು. ಮತ್ತೆ ಐದು, ಮತ್ತೆ ಎರಡು ಓಡಿದವು. ವರ್ನನ್ ಹಲಗೆಯ ಹತ್ತಿರ ನಡೆದುಹೋಗಿ, ಓಡಿಹೋದ ತೂತುಗಳ ಮುಂದೆ ಬಹಳ ಹೊತ್ತು ನಿಂತ. ಕಿಸೆಯಲ್ಲಿ ತೂತು ಮುಚ್ಚುವ ಕಪ್ಪು ಅಂಟುಚೀಟಿಗಳ ಸುರುಳಿ ಇತ್ತು. ಒಂದೇ ಕಾಗದವನ್ನು ಮತ್ತೆ ಮತ್ತೆ ಬಳಸಲು ಎಲ್ಲರೂ ಇಟ್ಟುಕೊಳ್ಳುವ ಸುರುಳಿಯೇ. ನಾಲ್ಕು ಚೀಟಿ ಹರಿದು ನಾಲ್ಕು ತೂತಿನ ಮೇಲೆ ಒತ್ತಿ, ಹೆಬ್ಬೆರಳಿನಿಂದ ಉಜ್ಜಿ ಕೂರಿಸಿ, ಉಳಿದ ಆರರ ಫೋಟೋ ತೆಗೆದ. ಚೆಂದವಾದ ಗುಂಪು. ಹಿಂದೊಮ್ಮೆ ತೂತು ಮಾಡಿದ್ದೆ, ಈಗ ಮುಚ್ಚುತ್ತಿದ್ದೇನೆ ಎಂದುಕೊಂಡ.

ಹದಿನಾರು ವರ್ಷದ ಹಿಂದೆ ಆ ತೂತು ಮಾಡಿದ ಪೆನ್ಸಿಲು ಹಳದಿ ಬಣ್ಣದ್ದು, ಬೇರೆಯೇನೂ ವಿಶೇಷವಿರಲಿಲ್ಲ. ಡೆಲ್ಮರ್ ಪ್ರುಯಿಟ್ ಆಗ ಐವತ್ತೊಂಬತ್ತರವನು, ಇವನಿಗಿಂತ ಹಿರಿಯ, ಇವನು ಸೇರಿದ ಹೊಸದರಲ್ಲಿ ಗಾಡಿಯಲ್ಲಿ ಪಕ್ಕ ಕೂರಿಸಿಕೊಂಡು ಕೌಂಟಿಯ ದಾರಿಗಳನ್ನೆಲ್ಲ ಕಲಿಸಿದವನು. ಪಿಂಚಣಿಗೆ ಏಳು ತಿಂಗಳಿತ್ತು. ವರ್ಷದ ಗುರಿ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತು ಬೇಕು. ಡೆಲ್ಮರ್ ಹೊಡೆದದ್ದು ಮೂವತ್ತೇಳು. ಕಣ್ಣಿಗೆ ಪೊರೆ ಬಂದಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. "ನೀನೇ ಎಣಿಸಪ್ಪ, ನನ್ನ ಕನ್ನಡಕ ಗಾಡೀಲಿದೆ" ಎಂದು ಡೆಲ್ಮರ್ ಬೇರೆ ಕಡೆ ತಿರುಗಿಕೊಂಡು ಸಿಗರೇಟು ಹಚ್ಚಿದ್ದ. ಬೇರೆ ಕಡೆ ತಿರುಗಿಕೊಂಡದ್ದು ಬೇಕೆಂದೇ. ವರ್ನನ್ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಕಾಗದದಲ್ಲಿ ನಾಲ್ಕು ತೂತು ಚುಚ್ಚಿದ. ಮೂರು ಸಾಕಿತ್ತು, ಒಂದು ಸ್ನೇಹಕ್ಕೆ. ಮಾರ್ಚಿನಲ್ಲಿ, ಹೆಂಡತಿಯನ್ನು ಹೊಡೆಯುತ್ತಿದ್ದ ಒಬ್ಬನ ಮನೆಯ ಜಗಲಿಯ ಮುಂದೆ ಡೆಲ್ಮರ್ ಐದು ಗುಂಡು ಹಾರಿಸಿದ. ಐದೂ ಬಾಗಿಲ ಚೌಕಟ್ಟಿಗೆ. ಒಳಗಿದ್ದವನು ಹಾರಿಸಿದ್ದು ಒಂದೇ. ಡೆಲ್ಮರ್ ಕಣ್ಣಿಗೆ ಗುರಿ ಕಾಣದೆ ಸುಮ್ಮನೆ ಅತ್ತ ಕಡೆ ಹಾರಿಸಿದ್ದಾನೆ ಎಂದು ವಿಚಾರಣೆಗೆ ಬಂದ ರಾಜ್ಯದ ಪೊಲೀಸನೊಬ್ಬ ಅಂದಾಗ, ಶೆರಿಫ್ ಎದ್ದು ಪರೀಕ್ಷೆಯ ಕಾಗದವನ್ನು ಓದಿದರು: ಐವತ್ತಕ್ಕೆ ನಲವತ್ತೊಂದು, ಸಹಿ ವಿ. ಟೀಗ್. ಶವಸಂಸ್ಕಾರದ ದಿನ ಚರ್ಚಿನ ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಪಲ್ಯ, ಹಂದಿಮಾಂಸದ ತಟ್ಟೆಗಳ ನಡುವೆ, ಡೆಲ್ಮರನ ಹೆಂಡತಿ ಇವನ ಎರಡೂ ಕೈ ಹಿಡಿದುಕೊಂಡು, "ನೀನು ಚೆನ್ನಾಗೇ ಕಲಿಸಿದ್ದೆ ವರ್ನ್, ನಿಂದೇನೂ ತಪ್ಪಿಲ್ಲ" ಎಂದಿದ್ದಳು. ತಪ್ಪಿನ ಮಾತನ್ನು ಅವಳೇಕೆ ತೆಗೆದಳು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಅಂದು ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡಿದ್ದ. ಪೆನ್ಸಿಲು ಇರಲಿಲ್ಲ.

ಹನ್ನೊಂದೂವರೆಗೆ ಪತ್ರಿಕೆಯ ಸಂಪಾದಕ ಸ್ಪೆನ್ಸರ್ ಫೋನು ಮಾಡಿದ. ಮೂವತ್ತೊಂದರ ಹುಡುಗ, ಊರೂರು ದಾಟಿ ಎಲ್ಲೋ ಗಾಜಿನ ಕಟ್ಟಡದಲ್ಲಿ ಕೂತು ಮಾತಾಡುತ್ತಾನೆ.

"ವರ್ನ್, ಹೇಗಿದೆ ಸುಂದರಿ?"

"ಚೆನ್ನಾಗಿದೆ. ಮುನ್ನೂರು ಗುಂಡು ಆಯ್ತು. ಒಂದ್ಸಲಾನೂ ಸಿಕ್ಕಿಹಾಕ್ಕೊಂಡಿಲ್ಲ."

"ಐನೂರಾದ್ಮೇಲೆ ನಿಮ್ಮ ತೀರ್ಪು ಇವತ್ತೇ ಬೇಕು ನೋಡಿ. ಅವರು ಜಾಹೀರಾತಿನ ಪುಟ ತಗೊಂಡಿದ್ದಾರೆ, ಹಾಗಂತ ಹೊಗಳಿ ಅನ್ತಿಲ್ಲ."

"ಹೊಗಳೋದು ನಂಗೆ ಬರಲ್ಲ ಅಂತ ನಿಂಗೊತ್ತು."

"ಗೊತ್ತಪ್ಪಾ ಗೊತ್ತು. ಮತ್ತೆ ಗಾಜಿನೊಳಗಿಂದ ಮೂರು ಫೋಟೋ, ಮರೀಬೇಡಿ. ಶುರುವಲ್ಲಿ ಒಂದು, ನಡುವೆ ಒಂದು, ಕೊನೇಲಿ ಒಂದು. ಚುಕ್ಕಿ ಕಾಣ್ಬೇಕು. ಈಗಿನವ್ರು ಚುಕ್ಕಿ ಕಾಣ್ದೆ ಇದ್ರೆ ಓದೋದೇ ಇಲ್ಲ. ಬಟನ್ ಒತ್ತಿ, ನಂಗೆ ಕಳಿಸ್ಬಿಡಿ. ನೀವು ನೋಡ್ಕೊಂಡು ಕೂತ್ಕೋಬೇಡಿ, ಇಲ್ಲಿ ಹುಡುಗರು ತಿದ್ದುತಾರೆ."

ಶುರುವಿನದನ್ನು ಬೆಳಿಗ್ಗೆಯೇ ತೆಗೆದು ಕಳಿಸಿದ್ದ. ನಡುವಿನದನ್ನು ಈಗ ತೆಗೆದ. ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಕೂರಿಸಿ, ಫೋನನ್ನು ಅದರ ಹಿಂದೆ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ, ಬಟನ್ ಒತ್ತುವಾಗ ಅವನು ಗುಡ್ಡದ ನೆತ್ತಿಯ ಮೇಲಿನ ಒಂಟಿ ಹದ್ದನ್ನು ನೋಡುತ್ತಿದ್ದ. ಕಳಿಸುವಾಗಲೂ ಪರದೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಕಳಿಸಿದ. ದುಂಡಗಿನ ಚುಕ್ಕಿ ಅದರೊಳಗೆ ಇರುತ್ತದೆ, ಬಟಾಣಿಯಷ್ಟು ದುಂಡಗೆ. ಅದನ್ನು ನೋಡಿಬಿಟ್ಟರೆ ಮುಗಿಯಿತು, ಬರೆಯುವುದನ್ನು ಬಿಟ್ಟು ಊರ ನಡುವಿನ ಬೆಂಚಿನಲ್ಲಿ ಮುದುಕರ ಜೊತೆ ಕೂರಬೇಕು. ನೋಡದಿದ್ದರೆ ಇನ್ನೊಂದು ವರ್ಷ ದೂಡಬಹುದು. ನಿನ್ನ ಎದೆಯ ಗಂಟನ್ನು ಮುಟ್ಟಿ ನೋಡಿಕೋ ಎಂದು ಅತ್ತೆ ಹೇಳಿದಾಗ ಅವನ ಅಮ್ಮನೂ ಹೀಗೆಯೇ ಬಟ್ಟೆ ಒಣಹಾಕಲು ಹೋಗಿದ್ದಳು.

ಮಧ್ಯಾಹ್ನ ನಿನ್ನೆಯ ಹುರುಳಿಬೀಜದ ಸಾರು, ಜೋಳದ ರೊಟ್ಟಿಯ ತುಂಡು ತಿಂದು ಅಡಿಗೆಮನೆಯ ಮೇಜಿನ ಮೇಲೇ ಬರೆಯಲು ಕೂತ. ಲೋಹದ ಮೈ, ಭಾರದಿಂದ ಹಿನ್ನೊದೆತ ಕಡಿಮೆ, ಕೈ ಚಿಕ್ಕದಿರುವ ಹೆಂಗಸರಿಗೆ ಹೇಳಿ ಮಾಡಿಸಿದ್ದು. ಅಷ್ಟೂ ನಿಜ. "ಕೆಂಪು ಚುಕ್ಕಿ ಬೇಕಾದಲ್ಲಿ, ಬೇಕಾದ ಹಾಗೆ ನಿಲ್ಲುತ್ತದೆ" ಎಂದು ಬರೆದು, ಅದನ್ನು ಅಳಿಸಿ, ಮತ್ತೆ ಬರೆದ. ಗಾಜು ಸರಿಯಿದೆ, ಕೆಟ್ಟಿರುವುದು ನನ್ನ ಕಣ್ಣು. ಹಾಗಿರುವಾಗ ಸರಿಯಿದೆ ಎಂದು ಬರೆದರೆ ಸುಳ್ಳು ಹೇಗಾದೀತು? ಕೊನೆಯ ಸಾಲಿಗೆ ಬಂದಾಗ ಕೈ ಸ್ವಲ್ಪ ಹೊತ್ತು ನಿಂತಿತು. ಪರೀಕ್ಷೆಗೆಂದು ಬಂದ ಪಿಸ್ತೂಲನ್ನು ಕಂಪನಿಗೆ ಹಿಂತಿರುಗಿಸುವುದು ವಾಡಿಕೆ. ಬರೆದವನೇ ದುಡ್ಡು ಕೊಟ್ಟು ಅದನ್ನು ಇಟ್ಟುಕೊಂಡರೆ ಅದಕ್ಕಿಂತ ದೊಡ್ಡ ಹೊಗಳಿಕೆ ಆ ಕಸುಬಿನಲ್ಲಿ ಇಲ್ಲ. ಹನ್ನೊಂದು ವರ್ಷದಲ್ಲಿ ಅವನು ಆ ಸಾಲನ್ನು ಒಂದೇ ಸಲ ಬರೆದಿದ್ದ. ಈಗ ಬರೆದ: "ಇದು ವಾಪಸ್ ಹೋಗುವುದಿಲ್ಲ." ಕಂಪನಿಗೆ ಹೋದ ವಾರವೇ ತಿಳಿಸಿಯೂ ಆಗಿತ್ತು. ಪಿಸ್ತೂಲು ಅವನಿಗಲ್ಲ, ಮಗಳಿಗೆ.

ಮಾರ್ಲಾ ಮೂರು ಗಂಟೆಗೆ ಬಂದಳು. ಹಳ್ಳದ ದಾರಿಗಳ ಕೊನೆಯಲ್ಲಿ ಒಬ್ಬೊಬ್ಬರೇ ಇರುವ ಮುದುಕ ಮುದುಕಿಯರ ಮನೆಗೆ ಹೋಗಿ, ಮೈ ತೊಳೆಸಿ, ಮಾತ್ರೆ ಕೊಟ್ಟು, ಊಟ ಮಾಡಿಸಿ ಬರುವ ಕೆಲಸ ಅವಳದು. ನೀಲಿ ಅಂಗಿಯ ಮೇಲೆ ತಾಯಿಯ ಹಳೆಯ ಕೋಟು ಹಾಕಿಕೊಂಡಿದ್ದಳು. ಮೂವತ್ತನಾಲ್ಕಾಗಿದ್ದರೂ ಗಾಡಿಯಿಂದ ಇಳಿಯುವಾಗ ಮೊದಲು ಹಿಂದಿನ ರಸ್ತೆಯನ್ನು ನೋಡುವ ಅಭ್ಯಾಸ ಅವಳ ಮುಖಕ್ಕೆ ಇನ್ನೂ ಹತ್ತು ವರ್ಷ ಸೇರಿಸಿತ್ತು. ಬಲಗೈ ಮಣಿಕಟ್ಟು ಪೂರ್ತಿ ಬಗ್ಗುತ್ತಿರಲಿಲ್ಲ. ಅವಳ ಗಂಡನಾಗಿದ್ದ ಡ್ವೇನ್ ಎರಡು ವರ್ಷದ ಹಿಂದೆ ಅದನ್ನು ಕಾರಿನ ಬಾಗಿಲಿನಲ್ಲಿ ಇಟ್ಟು ಬಾಗಿಲು ಹಾಕಿದ್ದ. ಆಗಸ್ಟಿನಲ್ಲಿ ಅವನು ಜೈಲಿನಿಂದ ಹೊರಗೆ ಬಂದಿದ್ದ. ಹತ್ತಿರ ಸುಳಿಯಕೂಡದೆಂಬ ನ್ಯಾಯಾಧೀಶರ ಕಾಗದ ಅವಳ ಗಾಡಿಯಲ್ಲೇ ಇತ್ತು.

"ಕಾಫಿ ಇದ್ಯಾ ಅಪ್ಪಾ?"

"ಬೆಳಗಿಂದು. ಡಾಂಬರು ಆಗಿರ್ಬೇಕು."

"ಇರ್ಲಿ ಕೊಡು. ನೀನು ಯಾವತ್ತು ಕಾಫಿ ಮಾಡಿದ್ದೆ, ಡಾಂಬರೇ ಅಲ್ವಾ." ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಳು. "ಮಂಗಳವಾರ ಮತ್ತೆ ನೋಡ್ದೆ. ಅದೇ ಹಸಿರು ಪಿಕಪ್ಪು. ಬಕ್‌ಹಾರ್ನ್ ಹಳ್ಳದ ಬಾಯಲ್ಲಿ ನಿಲ್ಲಿಸ್ಕೊಂಡಿದ್ದ. ಕೈ ಬೀಸಿದ."

"ಶೆರಿಫ್‌ಗೆ ಹೇಳ್ದ್ಯಾ?"

"ಹೇಳ್ದೆ. ಕೈ ಬೀಸೋದು ಅಪರಾಧ ಅಲ್ವಂತೆ." ಅವಳು ನಕ್ಕಳು. "ಇವತ್ತು ಅದೇ ಹಳ್ಳದೊಳಗೆ ಹೋಗ್ಬೇಕು. ಓಪಲ್ ಅಜ್ಜಿ ಮನೆ. ನಾಲ್ಕೂವರೆಯಿಂದ ಎಂಟರ ತನಕ."

ಓಪಲ್ ಎಂದರೆ ಡೆಲ್ಮರನ ಹೆಂಡತಿ. ಎಪ್ಪತ್ತೈದರ ಹತ್ತಿರ ಬಂದು ಈಗ ಮಾತ್ರೆಯ ಹೆಸರೂ ನೆನಪಿಲ್ಲದೆ ಕೂತಿದ್ದಾಳೆ. ವರ್ನನ್ ಆ ಮನೆಗೆ ಕಾಲಿಟ್ಟು ಹದಿನಾರು ವರ್ಷವಾಗಿತ್ತು. ಮಗಳು ವಾರಕ್ಕೆ ಮೂರು ದಿನ ಹೋಗಿ ಅವಳ ತಲೆ ಬಾಚುತ್ತಿದ್ದಳು. ಈ ಯೋಚನೆ ಬಂದಾಗಲೆಲ್ಲ ಅವನಿಗೆ ಯಾರೋ ತನ್ನ ಸಾಲವನ್ನು ತೀರಿಸುತ್ತಿರುವ ಹಾಗೆ ಹಗುರವಾಗುತ್ತಿತ್ತು, ಮತ್ತು ಹಗುರವಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಗರಸು ಗುಂಡಿಯಲ್ಲಿ ಮಾರ್ಲಾ ಪಿಸ್ತೂಲನ್ನು ಹಿಡಿದುಕೊಂಡು, "ಅಬ್ಬ, ಚೆನ್ನಾಗಿದೆ ಇದು" ಎಂದಳು. ಅವಳ ಹತ್ತಿರ ಇದ್ದದ್ದು ಹಳೆಯ ರಿವಾಲ್ವರು. ಅದರ ಟ್ರಿಗರ್ ಎಳೆಯಲು ಆ ಮಣಿಕಟ್ಟಿಗೆ ಆಗುತ್ತಿರಲಿಲ್ಲ. ಇದನ್ನು ಎಳೆದಳು, ಹೊಡೆದಳು. ವರ್ನನ್ ಅವಳ ಭುಜದ ಹಿಂದೆ ನಿಂತು ಅವಳ ಕೂದಲಿನ ವಾಸನೆಯನ್ನು, ಸಿಡಿಮದ್ದಿನ ವಾಸನೆಯನ್ನು ಒಟ್ಟಿಗೆ ಎಳೆದುಕೊಂಡ. ಐದು ಗುಂಡಿನಲ್ಲಿ ಎರಡು ಕಾಗದಕ್ಕೇ ಬೀಳಲಿಲ್ಲ.

"ಅಪ್ಪಾ, ಚುಕ್ಕಿ ಅಂದ್ರೆ ಹೀಗೇ ಇರತ್ತಾ?"

"ಹೇಗೆ?"

"ಉಂಡೆಯಾಗಿಲ್ಲ. ಟೊಮೇಟೊ ರಸ ಚೆಲ್ಲಿದ ಹಾಗಿದೆ. ಒಂದ್ಸಲ ಜೋರಾಗಿ ಕಾಣತ್ತೆ, ಒಂದ್ಸಲ ಇಲ್ವೇ ಇಲ್ಲ."

ಆ ಕ್ಷಣ ಅವನ ಮುಂದೆ ಇತ್ತು, ಕಾಗದದ ಮುಂದೆ ಪೆನ್ಸಿಲು ಇದ್ದ ಹಾಗೆ. ಫೋನು ಕಿಸೆಯಲ್ಲಿತ್ತು. ತೆಗೆದು ನೋಡಿದ್ದರೆ ಆಗುತ್ತಿತ್ತು. ಆದರೆ ಅವನ ಮನಸ್ಸು ಬೇರೆ ಕಡೆಯಿಂದ ಓಡಿಬಂತು, ಮತ್ತು ಅದು ಬಂದ ರೀತಿಗೆ ಅವನಿಗೇ ಒಂದು ಬಗೆಯ ಕರುಣೆ ಉಕ್ಕಿತು: ಪಾಪ, ಇವಳಿಗೂ ನನ್ನ ಕಣ್ಣೇ ಬಂದಿದೆ.

"ನಮ್ಮ ಮನೆ ಕಣ್ಣೇ ಹಾಗೆ ಕಣಮ್ಮ" ಎಂದ. "ನಿಂಗೆ ನನ್ನ ಕಣ್ಣು ಬಂದಿದೆ. ನಂಗೂ ಸ್ವಲ್ಪ ಹಾಗೇ ಕಾಣತ್ತೆ."

"ನಿಂಗೂ? ಯಾವತ್ತೂ ಹೇಳ್ಲೇ ಇಲ್ಲ."

"ಹೇಳೋಕೇನಿದೆ ಅದ್ರಲ್ಲಿ. ಗಾಜು ಸರಿಯಾಗೇ ಇದೆ. ಬಿಸಿಲಿಗೆ ಒಂದೊಂದ್ಸಲ ಮಂಕಾಗತ್ತೆ, ಅಷ್ಟೇ. ನೀನು ಮಾಡ್ತಿರೋ ತಪ್ಪು ಅದಲ್ಲ. ಚುಕ್ಕಿ ಬರೋಕೆ ಮುಂಚೆ ಒತ್ತುತಾ ಇದ್ದೀಯ."

"ಹೆದರಿಕೆ ಆದ್ರೆ ಬೆರಳು ತಾನಾಗೇ ಒತ್ತತ್ತೆ ಅಪ್ಪಾ."

"ಅದಕ್ಕೇ ಹೇಳ್ತಿರೋದು." ಅವನ ದನಿ ತನಗರಿವಿಲ್ಲದೆ ಹಳೆಯ ತರಗತಿಯ ದನಿಯಾಯಿತು. ಜಗಲಿಯ ಮುಂದೆ, ಬಾಗಿಲ ಚೌಕಟ್ಟಿಗೆ ಬಡಿದ ಐದು ಗುಂಡುಗಳು ಅವನ ಕಣ್ಣ ಮುಂದಿದ್ದವು. "ಗುರಿ ಕಾಣ್ದೆ ಹೊಡ್ದೋನು ಸಾಯ್ತಾನೆ. ನಾನು ನೋಡಿದ್ದೀನಿ. ಎದುರಿಗೆ ಯಾರೇ ಬರ್ಲಿ, ಎಷ್ಟೇ ಹತ್ರ ಬರ್ಲಿ, ಪಿಸ್ತೂಲೆತ್ತು, ಚುಕ್ಕಿ ಬರೋ ತನಕ ಕಾಯಿ. ಚುಕ್ಕಿ ಬಂದ್ಮೇಲೆ ಒತ್ತು. ಏನ್ ಹೇಳ್ದೆ?"

"ಚುಕ್ಕಿ ಬರೋ ತನಕ ಕಾಯಿ."

"ಇನ್ನೊಂದ್ಸಲ."

"ಚುಕ್ಕಿ ಬರೋ ತನಕ ಕಾಯಿ. ಅಪ್ಪಾ, ನಾನೇನು ನಿನ್ನ ಡೆಪ್ಯುಟಿನಾ?"

"ಇನ್ನೊಂದ್ಸಲ ಹೇಳು."

ಹೇಳಿದಳು. ಮತ್ತೆ ಎರಡು ಮ್ಯಾಗಜೀನು ಹೊಡೆದಳು. ಈ ಸಲ ನಿಧಾನವಾಗಿ, ತುಟಿ ಕಚ್ಚಿಕೊಂಡು, ಕಾದು ಕಾದು ಹೊಡೆದಳು. ಒಮ್ಮೊಮ್ಮೆ ಕಾಯುವುದು ಎಷ್ಟು ಹೊತ್ತಾಗುತ್ತಿತ್ತೆಂದರೆ ವರ್ನನ್‌ಗೆ ಅವಳು ಮರೆತೇಬಿಟ್ಟಳೇನೋ ಎನ್ನಿಸುತ್ತಿತ್ತು. ಆದರೆ ಹೊಡೆದದ್ದೆಲ್ಲ ಕಾಗದಕ್ಕೆ ಬಿತ್ತು. "ನೋಡ್ದ್ಯಾ" ಎಂದ ಅವನು, ಮತ್ತು ಅವಳ ಬೆನ್ನು ತಟ್ಟಿದ. ಸಣ್ಣವಳಿದ್ದಾಗ ಸೈಕಲು ಕಲಿಸುವಾಗಲೂ ಹೀಗೇ, ಕಾಲು ಕೆಳಗಿಡಬೇಡ ಎಂದರೆ ಬಿದ್ದರೂ ಇಡುತ್ತಿರಲಿಲ್ಲ. ಮೊಣಕಾಲು ಕಿತ್ತುಕೊಂಡು ಮನೆಗೆ ಬಂದು ತಾಯಿಯಿಂದ ಅವನಿಗೇ ಬೈಗುಳ ಕೊಡಿಸಿದ್ದಳು. ಸ್ಪೆನ್ಸರನ ಮೂರನೆಯ ಫೋಟೋ ಬಾಕಿಯಿತ್ತು. ಪಿಸ್ತೂಲನ್ನು ಅವಳ ಕೈಯಿಂದ ತೆಗೆದುಕೊಂಡು ಮರಳಿನ ಚೀಲದ ಮೇಲೆ ಕೂರಿಸಿ, ಫೋನು ನಿಲ್ಲಿಸಿ, ಬಟನ್ ಒತ್ತಿ, ನೋಡದೆ ಕಳಿಸಿದ. ಆಮೇಲೆ ಹದಿನೈದು ಹೊಸ ಗುಂಡು ತುಂಬಿ ಕೊಟ್ಟ. ಅವಳು ಕೋಟಿನ ಕೆಳಗೆ, ಸೊಂಟದ ಚರ್ಮದ ಒರೆಗೆ ಅದನ್ನು ಸೇರಿಸಿಕೊಂಡಳು.

"ಭಾರ ಇದೆ" ಎಂದಳು. "ಆದ್ರೂ ಯಾರೋ ಜೊತೇಲಿದ್ದ ಹಾಗಿದೆ." ಗಾಡಿ ಹತ್ತಿ ಕಿಟಕಿಯ ಗಾಜು ಇಳಿಸಿದಳು. "ಶನಿವಾರ ಬಂದು ಅಡಿಗೆಮನೆ ತೊಳೀತೀನಿ. ಹಂದಿ ಗೂಡು ಮಾಡಿಟ್ಟಿದ್ದೀಯ."

ಕತ್ತಲು ಬೇಗ ಇಳಿಯುವ ತಿಂಗಳು. ಐದು ಹೊಡೆಯುವ ಹೊತ್ತಿಗೆ ಅಡಿಗೆಮನೆಯ ಕಿಟಕಿಯಲ್ಲಿ ಅವನ ಮುಖವೇ ಅವನಿಗೆ ಕಾಣತೊಡಗಿತ್ತು. ಬರೆದದ್ದನ್ನು ಕಳಿಸಿ ಆಗಿತ್ತು. ಲೋಟ ತೊಳೆಯುತ್ತಿದ್ದಾಗ ಫೋನು ಮಿಡಿಯಿತು. ಸ್ಪೆನ್ಸರ್ ಬರೆದಿದ್ದ: "ತೀರ್ಪು ಭಾರಿ ಚೆನ್ನಾಗಿದೆ. ಆದರೆ ಮೂರನೇ ಫೋಟೋದಲ್ಲಿ ಚುಕ್ಕಿಯೇ ಇಲ್ಲ. ಮೊದಲಿನವು ಕದಡಿವೆ. ಇನ್ನೊಮ್ಮೆ ತೆಗೆದು ಕಳಿಸಿ."

ವರ್ನನ್ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಫೋಟೋ ತೆರೆದ. ಗಾಜಿನ ನಡುವೆ ಕೆಂಪು ಬಲಕ್ಕೆ ಬಾಲ ಎಳೆದುಕೊಂಡು, ಹೆಬ್ಬೆರಳಿನಿಂದ ಒರೆಸಿದ ಹಾಗೆ ಕದಡಿತ್ತು. ಬೆಳಿಗ್ಗೆ ಅವನ ಕಣ್ಣಿಗೆ ಕಂಡದ್ದು ಕಂಡ ಹಾಗೇ. ಫೋಟೋವನ್ನು ದೊಡ್ಡದು ಮಾಡಿದ; ಕೆಂಪು ದೊಡ್ಡದಾಯಿತು, ದುಂಡಗಾಗಲಿಲ್ಲ. ಮೊದಲು ಅವನಿಗಾದದ್ದು ಸಂತೋಷ. ಇದನ್ನು ಮುಚ್ಚಿಡುವಂತಿಲ್ಲ; ಎದೆಯೊಳಗಿಂದ ಬಿಸಿಯಾಗಿ ಎದ್ದು ಗಂಟಲಿಗೆ ಬಂದ ನಿಜವಾದ ಸಂತೋಷ. ಅಡಿಗೆಮನೆಯಲ್ಲಿ ಒಬ್ಬನೇ ನಿಂತು ಅವನು ಗಟ್ಟಿಯಾಗಿ ನಕ್ಕ. ಕಣ್ಣು ಸರಿಯಿತ್ತು. ಇವತ್ತಿನ ಮಟ್ಟಿಗಾದರೂ ಸರಿಯಿತ್ತು. ಆ ಗಡ್ಡದವನನ್ನು, ಆ ಡೇರೆಯನ್ನೆಲ್ಲ ಇಲ್ಲಿಗೆ ಕರೆದು ತೋರಿಸಬೇಕು. "ನೆಲವೇ ಡೊಂಕು" ಎಂದು ಅವನು ಕಿಟಕಿಯ ಮುಖಕ್ಕೆ ಹೇಳಿದ. "ನೆಲವೇ ಡೊಂಕಿತ್ತು ಕಣೋ."

ಹಾಗೆ ಹೇಳುತ್ತಲೇ ಎರಡನೆಯದನ್ನು ತೆರೆದ. ಕೆಂಪು ಇನ್ನಷ್ಟು ಹರಡಿ ಮಂಕಾಗಿತ್ತು. ಮೂರನೆಯದರಲ್ಲಿ ಗಾಜು, ಗಾಜಿನಾಚೆ ಕಾಗದ, ಕಾಗದದ ಮೇಲೆ ಮಾರ್ಲಾ ಹೊಡೆದ ತೂತುಗಳು, ಆಚೆ ಗರಸು. ಕೆಂಪು ಎಲ್ಲೂ ಇರಲಿಲ್ಲ. ಅವನು ಫೋನನ್ನು ದೀಪದ ಹತ್ತಿರ ಹಿಡಿದ, ದೂರ ಹಿಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಬರಿ ಗಾಜು.

ಮಗಳಿಗೆ ಫೋನು ಮಾಡಿದ. ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎಂದಿತು ಯಂತ್ರದ ಹೆಂಗಸಿನ ದನಿ. ಹಳ್ಳದೊಳಗೆ ಫೋನು ನಡೆಯುವುದಿಲ್ಲ, ಅವನಿಗೂ ಗೊತ್ತು, ಆದರೂ ಮತ್ತೆ ಮಾಡಿದ, ಮತ್ತೆ ಮಾಡಿದ. ಓಪಲಳ ಮನೆಯ ತಂತಿಯ ಫೋನಿನ ಸಂಖ್ಯೆ ಹದಿನಾರು ವರ್ಷದ ಹಿಂದೆ ಬಾಯಿಗೆ ಬರುತ್ತಿತ್ತು. ಈಗ ಕೊನೆಯ ಎರಡು ಅಂಕಿಗಳು ಬರಲಿಲ್ಲ. ಶೆರಿಫ್ ಕಚೇರಿಯ ಹುಡುಗಿ, ಏನಾಗಿದೆ ಹೇಳಿ ಸರ್ ಎಂದು ಎರಡು ಸಲ ಕೇಳಿದಳು. ಇನ್ನೂ ಏನೂ ಆಗಿಲ್ಲ ಎಂದ. ಮಗಳ ಹತ್ತಿರ ಇರುವ ಪಿಸ್ತೂಲಿನಲ್ಲಿ ಚುಕ್ಕಿ ಇಲ್ಲ ಎಂದ. ಅವಳು, ಯಾರಾದರೂ ಆ ಕಡೆ ಹೋದರೆ ನೋಡಿಕೊಂಡು ಬರಲು ಹೇಳುತ್ತೇನೆ ಎಂದಳು.

ಪಿಕಪ್ಪಿನ ದೀಪಗಳು ಗರಸು ದಾರಿಯನ್ನು ಚೊಕ್ಕವಾಗಿ ತೋರಿಸುತ್ತಿದ್ದವು. ಬೇಲಿಯ ಕಂಬ, ಕಂಬದ ಮೇಲಿನ ಹಲಗೆ, ಹಲಗೆಯ ಮೇಲಿನ ಅಕ್ಷರ, ಎಲ್ಲ ಒಂದೊಂದೇ ಸ್ಪಷ್ಟವಾಗಿ ಬಂದು ಹಿಂದೆ ಹೋಗುತ್ತಿದ್ದವು. ಕಣ್ಣು ಇಷ್ಟು ಚೆನ್ನಾಗಿ ಕಾಣುವುದು ಅವನಿಗೆ ಸಹಿಸಲಾಗಲಿಲ್ಲ. ಬಕ್‌ಹಾರ್ನ್ ಹಳ್ಳದ ಬಾಯಿಯಲ್ಲಿ, ಗಾಡಿಗಳು ನಿಲ್ಲುವ ಬಯಲಿನ ಹುಲ್ಲು ಎರಡು ಚಕ್ರದ ಅಗಲಕ್ಕೆ ಮಲಗಿತ್ತು. ಹಸಿರು ಪಿಕಪ್ಪು ಇರಲಿಲ್ಲ. ಅಲ್ಲಿಂದ ಒಳಗೆ ಓಪಲಳ ಮನೆಗೆ ನಾಲ್ಕು ಮೈಲಿ. ತಪ್ಪಿದರೂ ತಪ್ಪಲಿ, ಸುಮ್ಮನೆ ಅತ್ತ ಕಡೆ ಹಿಡಿದು ಹಾರಿಸು, ಎಂದು ಅವನು ಗಾಡಿಯ ಗಾಜಿಗೆ ಹೇಳುತ್ತಿದ್ದ, ಹೊಡಿ, ಹೊಡಿ ಕಣಮ್ಮ, ಕಾಯಬೇಡ. ಆದರೆ ಮೂರು ಸಲ ಹೇಳಿಸಿದ್ದ. ಅವಳು ಚಿಕ್ಕಂದಿನಿಂದಲೂ ಹಾಗೆ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಎದುರಿಗೆ ಯಾರೇ ಬರಲಿ, ಎಷ್ಟೇ ಹತ್ತಿರ ಬರಲಿ, ಪಿಸ್ತೂಲು ಎತ್ತಿ ಹಿಡಿದು ಚುಕ್ಕಿ ಬರುವ ತನಕ ಅವಳು ಕಾಯುತ್ತಾಳೆ.